ಗಣಿತದ ಬಾಗಿಲಾ, ಕಂಪ್ಯೂಟರ್ ಬಾಗಿಲಾ? ಪಿಎಚ್‌ಡಿ ವಿಷಯ, ಸ್ವಲ್ಪ ಉದ್ದ ಉಂಟು

ಹಿರಿಯಡ್ಕದವಳು:
ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಗಣಿತ ಕೊನೆಯ ವರ್ಷದಲ್ಲಿದ್ದೇನೆ. ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್ ಇತ್ತು. ಅಲ್ಗಾರಿದಮ್ ಆಗಲೇ ಇಷ್ಟ. ಎಂ.ಎಸ್ಸಿ.ಗೆ ಬಂದ ಮೇಲೆ ಆಲ್ಜಿಬ್ರಾಯಿಕ್ ಜಾಮೆಟ್ರಿ (ಸಮೀಕರಣಗಳಿಂದ ಹುಟ್ಟುವ ಆಕಾರಗಳ ಗಣಿತ) ಹುಚ್ಚು ಹಿಡಿಯಿತು. ಆ ವಿಷಯದ ಹಳದಿ ಅಟ್ಟೆಯ ಪುಸ್ತಕ ಹಿಡಿದುಕೊಂಡು ಬಸ್ಸಿನಲ್ಲಿ ಕೂತರೆ ಪಂಪ್‌ವೆಲ್‌ನಿಂದ ದೇರಳಕಟ್ಟೆಗೆ ಬರುವಷ್ಟರಲ್ಲಿ ಅರ್ಧ ಪುಟ, ಅದೂ ಅರ್ಥ ಆಗಿರುವುದಿಲ್ಲ, ಆದರೂ ಬಿಡಲು ಮನಸ್ಸಾಗುವುದಿಲ್ಲ.

ಈಗ ಪಿಎಚ್‌ಡಿಗೆ ಅರ್ಜಿ ಹಾಕಬೇಕು. ಎರಡೂ ಸೇರುವ ಜಾಗ ಉಂಟು ಎಂದು ಕೇಳಿದ್ದೇನೆ. ನಮ್ಮ ಒಬ್ಬರು ಸರ್ "ಎರಡು ದೋಣಿಯಲ್ಲಿ ಕಾಲಿಡಬೇಡ" ಎಂದರು. ಅಪ್ಪ ಮಾತ್ರ "ಇದರಲ್ಲಿ ಕೆಲಸ ಯಾವುದು?" ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಸುಮ್ನೆ ಧೈರ್ಯ ಹೇಳುವುದು ಬೇಡ, ನಿಜ ಹೇಳಿ.

ಕದ್ರಿಗುಡ್ಡೆ:
ನಿಜ ಬೇಕಾ? ಬೆಂಗಳೂರಿಗೆ ಹೋಗಿ ಕೆಲಸ ಹಿಡಿ. ಹಳದಿ ಪುಸ್ತಕ ಶನಿವಾರ ಓದು.

ಮಲ್ಪೆ ಬೋಟ್:
@ಕದ್ರಿಗುಡ್ಡೆ ನೀವು ಯಾವ ಪ್ರಶ್ನೆ ಬಂದರೂ ಇದನ್ನೇ ಹೇಳುವುದು ಮಾರಾಯ್ರೇ. ಮೊನ್ನೆ ಯಾರೋ ಮೀನುಗಾರಿಕೆ ಕೋರ್ಸ್ ಬಗ್ಗೆ ಕೇಳಿದ್ದಕ್ಕೂ ಇದೇ ಉತ್ತರ.

ಪಡುಬಿದ್ರಿ ಗಾಳಿ:
ನಾನು ಈ ದಾರಿಯಲ್ಲೇ ಹೋದವನು. ಪಿಎಚ್‌ಡಿ ಆಲ್ಜಿಬ್ರಾಯಿಕ್ ಕಾಂಪ್ಲೆಕ್ಸಿಟಿಯಲ್ಲಿ (ಒಂದು ಪಾಲಿನೋಮಿಯಲ್ ಲೆಕ್ಕ ಹಾಕಲು ಎಷ್ಟು ಕೆಲಸ ಬೇಕು ಎನ್ನುವ ವಿಷಯ), ಈಗ ಪಾಠ ಮಾಡುತ್ತೇನೆ. ಉದ್ದ ಬರೆಯುತ್ತೇನೆ, ಚಹಾ ಇಟ್ಟುಕೊಂಡು ಓದಮ್ಮ.

ಮೊದಲು ಆ ಜಾಗ ಯಾವುದು ಎಂದು ಹೇಳುತ್ತೇನೆ, ಯಾಕೆಂದರೆ ಇಲ್ಲಿ ಬೇರೆಯವರೂ ಓದುತ್ತಾರೆ. ಒಂದು ಯಕ್ಷಗಾನ ಮೇಳ ಅಂತ ಇಟ್ಟುಕೊಳ್ಳಿ. ನಾಲ್ಕು ಕಲಾವಿದರು, ನಾಲ್ಕು ವೇಷ: ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ. ಮೊದಲನೆಯವರಿಗೆ ಪುಂಡುವೇಷ, ಬಣ್ಣ ಎರಡೂ ಬರುತ್ತದೆ. ಎರಡನೆಯವರಿಗೆ ಪುಂಡುವೇಷ ಮತ್ತು ಸ್ತ್ರೀವೇಷ. ಮೂರನೆಯವರು ಪುಂಡುವೇಷ, ಬಣ್ಣ, ಹಾಸ್ಯ ಮೂರಕ್ಕೂ ಸೈ. ನಾಲ್ಕನೆಯವರಿಗೆ ಸ್ತ್ರೀವೇಷ, ಹಾಸ್ಯ. ಇವತ್ತಿನ ಆಟಕ್ಕೆ ಯಾರಿಗೆ ಯಾವ ವೇಷ ಎಂದು ಒಂದು ಹಂಚಿಕೆ ಮಾಡುವುದು ಸುಲಭ. ನಾನೂರು ಜನ ಇದ್ದರೂ ಕಂಪ್ಯೂಟರ್ ಬೇಗ ಮಾಡಿ ಕೊಡುತ್ತದೆ. ಆದರೆ "ಒಟ್ಟು ಎಷ್ಟು ರೀತಿಯಲ್ಲಿ ಹಂಚಬಹುದು?" ಎಂದು ಕೇಳಿದಿರೋ, ಕಥೆ ಮುಗಿಯಿತು. ಬರುತ್ತದೆ ಎಂದರೆ 1, ಬರುವುದಿಲ್ಲ ಎಂದರೆ 0 ಎಂದು ಒಂದು ಮ್ಯಾಟ್ರಿಕ್ಸ್ ಬರೆದರೆ ಈ ಎಣಿಕೆಯೇ ಅದರ ಪರ್ಮನೆಂಟ್. ಡಿಟರ್ಮಿನೆಂಟ್ ಗೊತ್ತಲ್ವಾ, ಚೌಕ ಮ್ಯಾಟ್ರಿಕ್ಸಿನಿಂದ ಒಂದು ಸಂಖ್ಯೆ ತೆಗೆಯುವುದು, ಅದೇ ಸೂತ್ರ, ಮೈನಸ್ ಚಿಹ್ನೆ ಎಲ್ಲ ತೆಗೆದು ಪ್ಲಸ್ ಹಾಕಿ. ಅಷ್ಟೇ ವ್ಯತ್ಯಾಸ. ಡಿಟರ್ಮಿನೆಂಟ್ ಲೆಕ್ಕ ಹಾಕುವುದು ಸಲೀಸು. ಪರ್ಮನೆಂಟ್ ಲೆಕ್ಕ ಹಾಕುವುದು ಮಹಾ ಕಷ್ಟದ ಸಾಲಿಗೆ ಸೇರಿದ್ದು ಎಂದು ಲೆಸ್ಲಿ ವ್ಯಾಲಿಯಂಟ್ 1979ರಲ್ಲಿ ತೋರಿಸಿದರು.

ಒಂದು ಚಿಹ್ನೆ ಬದಲಾದರೆ ಇಷ್ಟು ಕಷ್ಟ ಎಲ್ಲಿಂದ ಬಂತು? ಇಲ್ಲಿ ಜಾಮೆಟ್ರಿ ಬರುತ್ತದೆ. ಚಿಕ್ಕ ಪರ್ಮನೆಂಟನ್ನು ದೊಡ್ಡ ಡಿಟರ್ಮಿನೆಂಟಿನ ಒಳಗೆ ಅಡಗಿಸಬಹುದು. 2×2 ಆದರೆ ಒಂದು ಚಿಹ್ನೆ ತಿರುಗಿಸಿದರೆ ಸಾಕು. 3×3ಕ್ಕೆ ಹಾಗೆ ಆಗುವುದಿಲ್ಲ, 7×7ರ ಡಿಟರ್ಮಿನೆಂಟೇ ಬೇಕು, 6×6 ಸಾಲದು. ಸಾಮಾನ್ಯವಾಗಿ ಎನ್ ಗಾತ್ರದ ಪರ್ಮನೆಂಟಿಗೆ ಎಷ್ಟು ದೊಡ್ಡ ಡಿಟರ್ಮಿನೆಂಟ್ ಬೇಕು? ನಮಗೆ ಗೊತ್ತಿರುವ ವಿಧಾನದಲ್ಲಿ ಎರಡರ ಎನ್‌ನೇ ಘಾತಕ್ಕಿಂತ ಒಂದು ಕಮ್ಮಿ. ಇಷ್ಟಾದರೂ ಬೇಕೇ ಬೇಕು ಎಂದು ಸಾಧಿಸಲು ಆದದ್ದು ಎನ್ ಸ್ಕ್ವೇರ್‌ನ ಅರ್ಧ. ಅದನ್ನು 2004ರಲ್ಲಿ ಮಿನ್ಯೋ ಮತ್ತು ರೆಸೇರ್ ಮಾಡಿದರು, ಸೊನ್ನೆ ಆಗುವ ಬಿಂದುಗಳ ಮೇಲ್ಮೈ (ಹೈಪರ್‌ಸರ್ಫೇಸ್) ಎಷ್ಟು ಬಾಗಿದೆ ಎಂದು ಒಂದು ಬಿಂದುವಿನಲ್ಲಿ ನೋಡಿ! ಅಂದರೆ ನೀನು ಓದುವ ಜಾಮೆಟ್ರಿಯೇ. ಆ ಎರಡರ ನಡುವಿನ ಅಂತರ ನೋಡು, ಸ್ಕ್ವೇರ್ ಎಲ್ಲಿ, ಘಾತ ಎಲ್ಲಿ. ಆ ಗುಂಡಿಯಲ್ಲೇ ಬಹಳ ಜನರ ಜೀವನ ಕಳೆಯುತ್ತಿದೆ, ನನ್ನದೂ ಸೇರಿ.

ಕೇತನ್ ಮುಲ್ಮುಲೆ ಮತ್ತು ಐಐಟಿ ಬಾಂಬೆಯ ಮಿಲಿಂದ್ ಸೋಹೋನಿ 2001ರಲ್ಲಿ ಇನ್ನೂ ದೊಡ್ಡ ಯೋಜನೆ ಹಾಕಿದರು. ಹೆಸರು ಜಿಯಾಮೆಟ್ರಿಕ್ ಕಾಂಪ್ಲೆಕ್ಸಿಟಿ ಥಿಯರಿ, ನಾವು ಜಿಸಿಟಿ ಎನ್ನುತ್ತೇವೆ. ಡಿಟರ್ಮಿನೆಂಟನ್ನು ಎಲ್ಲ ಲೀನಿಯರ್ ಬದಲಾವಣೆಗಳಿಂದಲೂ ತಿರುಗಿಸಿದರೆ ಬರುವ ಆರ್ಬಿಟ್ (ಎಲ್ಲ ರೂಪಗಳ ಗುಂಪು), ಅದರ ಅಂಚು ಸೇರಿಸಿದರೆ ಒಂದು ವೆರೈಟಿ, ಅಂದರೆ ಸಮೀಕರಣಗಳಿಂದ ಹುಟ್ಟುವ ಆಕಾರ. ಪರ್ಮನೆಂಟಿಗೂ ಹಾಗೆಯೇ ಒಂದು. ಒಂದು ಇನ್ನೊಂದರ ಒಳಗೆ ಕೂರುವುದಿಲ್ಲ ಎಂದು ರೆಪ್ರೆಸೆಂಟೇಷನ್ ಥಿಯರಿಯಿಂದ (ಸಿಮೆಟ್ರಿಯನ್ನು ಸಣ್ಣ ತುಂಡುಗಳಾಗಿ ಬಿಡಿಸಿ ನೋಡುವ ಗಣಿತ) ಸಾಕ್ಷಿ ಹುಡುಕಿ ಕೊಡಬೇಕು. ಅಷ್ಟೇ. "ಅಷ್ಟೇ" ಎಂದು ಬರೆಯುವುದು ಸುಲಭ.

ಇನ್ನು ನಿನ್ನ ಪ್ರಶ್ನೆ. ಸೇತುವೆ ಕಟ್ಟಬಹುದು, ಆದರೆ ಸಂಬಳ ಒಂದು ದಡದಿಂದಲೇ ಬರುವುದು. ಯಾವ ದಡ ಎಂದು ಮೊದಲೇ ತೀರ್ಮಾನ ಮಾಡು. ನಾನು ಮಾಡಲಿಲ್ಲ, ಅದಕ್ಕೆ ಮೂರು ವರ್ಷ ಕಳೆದುಕೊಂಡೆ. ಅದನ್ನು ರಾತ್ರಿ ಬರೆಯುತ್ತೇನೆ, ಈಗ ಕ್ಲಾಸ್ ಉಂಟು.

ಕೊಣಾಜೆ ಕಟ್ಟೆ:
ಒಳ್ಳೆಯ ವಿವರಣೆ, ಆದರೆ ಗಾಳಿಯವರು ಒಂದು ವಿಷಯ ಮೆಲ್ಲಗೆ ದಾಟಿಸಿದರು. ಜಿಸಿಟಿಯ ಮೊದಲ ಆಸೆ ಏನಿತ್ತು? ಒಂದು ಕಡೆ ಇರುವ, ಇನ್ನೊಂದು ಕಡೆ ಇಲ್ಲವೇ ಇಲ್ಲದ ಒಂದು ರೆಪ್ರೆಸೆಂಟೇಷನ್ ಸಿಕ್ಕಿದರೆ ಕೆಲಸ ಆಯಿತು ಎಂದು. ಬುರ್ಗಿಸರ್, ಇಕೆನ್‌ಮೈಯರ್, ಪಾನೊವಾ ಮೂವರು ಸೇರಿ 2016ರಲ್ಲಿ ಆ ರೀತಿಯ ಸಾಕ್ಷಿಯಿಂದ ಬೇಕಾದ ಫಲಿತಾಂಶ ಬರುವುದಿಲ್ಲ ಎಂದು ತೋರಿಸಿದರು. ಹದಿನೈದು ವರ್ಷದ ಆಸೆಗೆ ನೀರು. ನಾನು ಶುದ್ಧ ಗಣಿತದವನು, ನನ್ನ ಅಭಿಪ್ರಾಯ ಇಷ್ಟೇ: ಪಿಎಚ್‌ಡಿ ಹುಡುಗಿಗೆ ಇಂಥ ದೊಡ್ಡ ಯೋಜನೆಯ ಬಾಲ ಹಿಡಿಯಲು ಹೇಳಬೇಡಿ.

ಪಡುಬಿದ್ರಿ ಗಾಳಿ:
@ಕೊಣಾಜೆ ಕಟ್ಟೆ ದಾಟಿಸಿದ್ದಲ್ಲ ಸರ್, ಕ್ಲಾಸಿಗೆ ಹೊತ್ತಾಗಿತ್ತು. ಮುಚ್ಚಿದ್ದು ಒಂದು ಬಾಗಿಲು ಮಾತ್ರ. "ಇದೆಯಾ ಇಲ್ಲವಾ" ಎಂದು ನೋಡುವ ಬದಲು "ಎಷ್ಟು ಸಲ ಇದೆ" ಎಂದು ಎರಡೂ ಕಡೆ ಎಣಿಸುವ ದಾರಿ ಇನ್ನೂ ತೆರೆದೇ ಉಂಟು. ಹಾಗೆ ನೋಡಿದರೆ ನೀವು ಹೇಳಿದ ಆ ಪೇಪರೇ ನನಗೆ ಒಳ್ಳೆಯ ಉದಾಹರಣೆ. ಅದು 2016ರಲ್ಲಿ ಫಾಕ್ಸ್ ಎಂಬ ಕಂಪ್ಯೂಟರ್ ಸೈನ್ಸ್ ಸಮ್ಮೇಳನದಲ್ಲಿ ಬಂತು. ಅದೇ ಕೆಲಸ 2019ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಬಂತು. ಎರಡೂ ಮನೆಯವರು ಊಟ ಹಾಕಿದರು. ಒಂದು ದಾರಿಯಲ್ಲಿ ಆಗುವುದಿಲ್ಲ ಎಂದು ತೋರಿಸಿದ್ದಕ್ಕೆ!

ಆದರೆ ಬಾಲ ಹಿಡಿಯಬಾರದು ಎನ್ನುವುದಕ್ಕೆ ನನ್ನ ಒಪ್ಪಿಗೆ ಉಂಟು.

ಹಿರಿಯಡ್ಕದವಳು:
ತುಂಬಾ ಥ್ಯಾಂಕ್ಸ್ ಸರ್. ಡಿಟರ್ಮಿನೆಂಟ್ ಹೈಸ್ಕೂಲಿನಿಂದ ಲೆಕ್ಕ ಹಾಕುತ್ತಿದ್ದೇನೆ, ಅದರ ಹಿಂದೆ ಇಷ್ಟು ಉಂಟು ಎಂದು ಯಾರೂ ಹೇಳಿರಲಿಲ್ಲ. ಜಿಸಿಟಿ ಬಿಟ್ಟರೆ ಬೇರೆ ಏನಾದರೂ ಉಂಟಾ? ಸ್ವಲ್ಪ ಸಣ್ಣ ಪ್ರಶ್ನೆ, ಐದು ವರ್ಷದಲ್ಲಿ ಮುಗಿಯುವಂಥದ್ದು?

ಸುರತ್ಕಲ್ ಅಲೆ:
ಬೇಕಾದಷ್ಟು ಉಂಟು. ನಾನು ಎನ್‌ಐಟಿಕೆಯಲ್ಲಿ ಓದಿದ್ದು, ಈಗ ಕ್ರಿಪ್ಟೋಗ್ರಫಿ (ಗುಪ್ತ ಸಂದೇಶದ ವಿದ್ಯೆ) ಕಡೆ ಕೆಲಸ. ನನ್ನ ಕಡೆಯ ಕಥೆ ಹೇಳುತ್ತೇನೆ.

ನಿಮ್ಮ ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆರೆದರೆ ಒಳಗೆ ಎಲಿಪ್ಟಿಕ್ ಕರ್ವ್ (ಒಂದು ಬಗೆಯ ಘನ ಸಮೀಕರಣದ ವಕ್ರರೇಖೆ) ಕೆಲಸ ಮಾಡುತ್ತಿರುವ ಸಾಧ್ಯತೆ ಬಹಳ ಜಾಸ್ತಿ. ಕೋಬ್ಲಿಟ್ಸ್ ಮತ್ತು ಮಿಲ್ಲರ್ 1985ರಲ್ಲಿ ಬೇರೆ ಬೇರೆಯಾಗಿ ಇದನ್ನು ಯೋಚಿಸಿದರು. ಅದು ಹಳೆಯ ಕಥೆ. ಹೊಸದು ಕೇಳಿ. ಕ್ವಾಂಟಂ ಕಂಪ್ಯೂಟರ್ ಬಂದರೂ ಒಡೆಯಬಾರದು ಎಂದು ಎಲಿಪ್ಟಿಕ್ ಕರ್ವ್‌ಗಳ ನಡುವಿನ ಐಸೋಜೆನಿ (ಒಂದರಿಂದ ಇನ್ನೊಂದಕ್ಕೆ ಹೋಗುವ ವಿಶೇಷ ಮ್ಯಾಪ್) ಬಳಸಿ 2011ರಲ್ಲಿ ಒಂದು ವಿಧಾನ ಬಂತು, ಎಸ್‌ಐಡಿಎಚ್ ಎಂದು. ಹನ್ನೊಂದು ವರ್ಷ ಯಾರಿಂದಲೂ ಆಗಲಿಲ್ಲ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ನಡೆಸಿದ ಇಂಥ ವಿಧಾನಗಳ ಆಯ್ಕೆಯಲ್ಲಿ ಅದರ ಮೇಲೆ ಕಟ್ಟಿದ ವಿಧಾನ ನಾಲ್ಕನೇ ಸುತ್ತಿಗೂ ಬಂತು. 2022ರ ಜುಲೈ ಕೊನೆಯಲ್ಲಿ ಬೆಲ್ಜಿಯಂನ ಕಾಸ್ಟ್ರಿಕ್ ಮತ್ತು ಡೆಕ್ರೂ ಅದನ್ನು ಒಡೆದು ಹಾಕಿದರು. ಕ್ವಾಂಟಂ ಬೇಡ, ಮಾಮೂಲಿ ಕಂಪ್ಯೂಟರಿನ ಒಂದೇ ಕೋರ್, ಚಿಕ್ಕ ಗಾತ್ರದ ಕೀಲಿಗೆ ಸುಮಾರು ಒಂದು ಗಂಟೆ. ಯಾವ ಆಯುಧದಿಂದ ಗೊತ್ತುಂಟಾ? ಅರ್ನ್‌ಸ್ಟ್ ಕಾನಿ 1997ರಲ್ಲಿ ಸಾಧಿಸಿದ ಒಂದು ಪ್ರಮೇಯ, ಜೀನಸ್ 2 ಕರ್ವ್‌ಗಳ (ಎಲಿಪ್ಟಿಕ್‌ಗಿಂತ ಒಂದು ಮೆಟ್ಟಿಲು ಮೇಲಿನವು) ಬಗ್ಗೆ. ಶುದ್ಧ ಆಲ್ಜಿಬ್ರಾಯಿಕ್ ಜಾಮೆಟ್ರಿ. ಕಾಲು ಶತಮಾನ ಜರ್ನಲ್‌ನಲ್ಲಿ ಕೂತಿತ್ತು. ಎರಡೂ ಭಾಷೆ ಗೊತ್ತಿದ್ದವರು ಬಂದು ಎತ್ತಿಕೊಂಡರು. ನನ್ನ ಪ್ರಕಾರ ನಿಮ್ಮಂಥವರಿಗೆ ಬೆಲೆ ಇರುವುದು ಇಲ್ಲಿ. ಮತ್ತೆ ಕದ್ರಿಗುಡ್ಡೆಯವರೇ, ಈ ಕಡೆ ಬೆಂಗಳೂರಿನಲ್ಲೂ ಕೆಲಸ ಉಂಟು, ಸಮಾಧಾನ ಆಯ್ತಾ?

ಕದ್ರಿಗುಡ್ಡೆ:
ಆಯಿತು.

ಕೊಣಾಜೆ ಕಟ್ಟೆ:
ಮ್ಯಾಟ್ರಿಕ್ಸ್ ಗುಣಾಕಾರವನ್ನೂ ಸೇರಿಸಿ. 2×2 ಮ್ಯಾಟ್ರಿಕ್ಸ್ ಎರಡನ್ನು ಗುಣಿಸಲು 8 ಗುಣಾಕಾರ ಬೇಡ, 7 ಸಾಕು ಎಂದು ಸ್ಟ್ರಾಸೆನ್ 1969ರಲ್ಲಿ ತೋರಿಸಿದರು. 6 ಸಾಲದು. "ಸರಿಯಾದ ಉತ್ತರ ಬೇಡ, ಎಷ್ಟು ಬೇಕೋ ಅಷ್ಟು ಹತ್ತಿರ ಬಂದರೆ ಸಾಕು" ಎಂದರೂ 7ಕ್ಕಿಂತ ಕಮ್ಮಿ ಆಗುವುದಿಲ್ಲ ಎಂದು ಲ್ಯಾಂಡ್ಸ್‌ಬರ್ಗ್ 2006ರಲ್ಲಿ ಸಾಧಿಸಿದರು. ಅಲ್ಲಿ ಬಳಕೆಯಾಗುವುದು ಸೀಕೆಂಟ್ ವೆರೈಟಿ, ಅಂದರೆ ಒಂದು ಆಕಾರದ ಬಿಂದುಗಳನ್ನು ಸೇರಿಸುವ ಗೆರೆ, ಸಮತಲಗಳೆಲ್ಲ ತುಂಬುವ ಜಾಗ. ಸೀಕೆಂಟ್ ವೆರೈಟಿಯ ಮೂಲ ಲೆಮ್ಮಾ ಟೆರಾಚಿನಿ ಎಂಬ ಇಟಲಿಯವರು 1911ರಲ್ಲಿ ಬರೆದದ್ದು. ಆಗ ಕಂಪ್ಯೂಟರ್ ಎಂದರೆ ಲೆಕ್ಕ ಬರೆಯುವ ಗುಮಾಸ್ತ.

ಇದು ಹುಡುಗಿಗೆ ಸರಿಯಾದ ಗಾತ್ರದ ಜಾಗ. ಸಣ್ಣ ಸಣ್ಣ ಟೆನ್ಸರ್ (ಮ್ಯಾಟ್ರಿಕ್ಸಿನ ಮೂರು ದಿಕ್ಕಿನ ರೂಪ) ಹಿಡಿದುಕೊಂಡು, ಹತ್ತಿರ ಬಂದರೆ ಸಾಕು ಎಂದಾಗ ಬೇಕಾಗುವ ಗುಣಾಕಾರಗಳ ಸಂಖ್ಯೆ, ಅಂದರೆ ಬಾರ್ಡರ್ ರ‍್ಯಾಂಕ್ ಲೆಕ್ಕ ಹಾಕುತ್ತಾ ಹೋದರೆ ಕೈಗೆ ಏನಾದರೂ ಸಿಕ್ಕೇ ಸಿಗುತ್ತದೆ.

ಅಡಿಕೆ ತೋಟ ಪುತ್ತೂರು:
ನಮಸ್ಕಾರ. ನನ್ನ ಮಗನೂ ಇಂಥದ್ದೇ ಏನೋ ಓದುತ್ತೇನೆ ಎನ್ನುತ್ತಿದ್ದಾನೆ, ಅದಕ್ಕೆ ಎಲ್ಲವನ್ನೂ ಓದಿದೆ. ಮೇಳದ ಉದಾಹರಣೆವರೆಗೆ ಅರ್ಥ ಆಯಿತು, ಆಮೇಲೆ ಇಲ್ಲ. ತಪ್ಪು ತಿಳಿಯಬೇಡಿ, ಪಿಎಚ್‌ಡಿ ಮಾಡುವಾಗ ಮನೆಯಿಂದ ದುಡ್ಡು ಕೊಡಬೇಕಾ? ಅದು ಮುಗಿಯುವಾಗ ವಯಸ್ಸು ಎಷ್ಟಾಗುತ್ತದೆ?

ಸುರತ್ಕಲ್ ಅಲೆ:
ಅಣ್ಣಾ, ಒಳ್ಳೆಯ ಪ್ರಶ್ನೆ. ಜೆಆರ್‌ಎಫ್, ಅಂದರೆ ಸಂಶೋಧನೆಗೆ ಸರ್ಕಾರ ಕೊಡುವ ಫೆಲೋಶಿಪ್, ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಅದರ ಮೇಲಿನ ಹಂತ) ಆದರೆ 42,000. ಅದರ ಮೇಲೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಅಥವಾ ಹಾಸ್ಟೆಲ್. ಮನೆಯಿಂದ ಕಳಿಸಬೇಕಾಗಿಲ್ಲ. ಕೆಲವು ಸಲ ದುಡ್ಡು ತಡವಾಗಿ ಬರುತ್ತದೆ, ಆಗ ಸ್ವಲ್ಪ ಕೈ ಬಿಗಿ. ಐದು ಆರು ವರ್ಷ ಹಿಡಿಯುತ್ತದೆ. ಆಮೇಲೆ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನೆ ಕೆಲಸ) ಎಂದು ಎರಡು ಮೂರು ವರ್ಷ, ಹೆಚ್ಚಾಗಿ ಹೊರದೇಶ. ಸ್ವಂತ ಕುರ್ಚಿ ಸಿಗುವಾಗ ಮೂವತ್ತು ದಾಟಿರುತ್ತದೆ.

ಮಲ್ಪೆ ಬೋಟ್:
ಅಂದರೆ ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಕಟ್ಟಿದಷ್ಟೇ ಸಮಯ.

ಅಡಿಕೆ ತೋಟ ಪುತ್ತೂರು:
ಅಡಿಕೆ ಸಸಿ ನೆಟ್ಟರೂ ಫಸಲಿಗೆ ಐದಾರು ವರ್ಷ ಕಾಯಬೇಕು. ಮನೆಯಿಂದ ಕೊಡಬೇಕಾಗಿಲ್ಲ ಎಂದರೆ ಯೋಚನೆ ಮಾಡಬಹುದು.

ಪಡುಬಿದ್ರಿ ಗಾಳಿ:
ರಾತ್ರಿ ಬರೆಯುತ್ತೇನೆ ಎಂದಿದ್ದೆ. ಮೂರು ವರ್ಷ ಕಳೆದುಕೊಂಡ ಕಥೆ ಇದು.

ನಾನು ಎಂ.ಎಸ್ಸಿ. ಗಣಿತ, ಪಿಎಚ್‌ಡಿ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ. ಎರಡೂ ಕಡೆ ಬಾಗಿಲು ತೆರೆದಿರುತ್ತದೆ ಎಂದುಕೊಂಡಿದ್ದೆ. ಊರಿನ ಹತ್ತಿರ ಇರಬೇಕು, ಅಮ್ಮನಿಗೆ ಹುಷಾರಿರಲಿಲ್ಲ. ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಅರ್ಜಿ ಹಾಕಿದೆ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಮಂಡಳಿ) ನಿಯಮದಲ್ಲಿ ಆ ಹುದ್ದೆಗೆ ಬಿ.ಇ., ಎಂ.ಟೆಕ್. ಬೇಕು. ನನ್ನ ಹತ್ತಿರ ಎರಡೂ ಇಲ್ಲ. ಪಿಎಚ್‌ಡಿ ನೋಡುವ ಮೊದಲೇ ಫೈಲ್ ಪಕ್ಕಕ್ಕೆ ಹೋಯಿತು. ಸರಿ, ಒಂದು ಗಣಿತ ವಿಭಾಗಕ್ಕೆ ಹೋದೆ. ಅಲ್ಲಿ ಸಂದರ್ಶನದಲ್ಲಿ ಕೂತವರೊಬ್ಬರು ನನ್ನ ಪಟ್ಟಿ ನೋಡಿ "ಇದರಲ್ಲಿ ಜರ್ನಲ್ ಎಲ್ಲಿ? ಎಲ್ಲ ಸಮ್ಮೇಳನಕ್ಕೆ ಹೋಗಿ ಬಂದದ್ದಲ್ವಾ?" ಎಂದರು. ಕಂಪ್ಯೂಟರ್ ಥಿಯರಿಯವರಿಗೆ ಸ್ಟಾಕ್, ಫಾಕ್ಸ್ ಎಂಬ ಸಮ್ಮೇಳನಗಳೆಂದರೆ ಜರ್ನಲ್‌ಗಿಂತ ದೊಡ್ಡ ಮಾತು. ಗಣಿತದವರಿಗೆ ಸಮ್ಮೇಳನ ಎಂದರೆ ಬ್ಯಾಗ್, ಪೆನ್ನು, ಮಧ್ಯಾಹ್ನದ ಊಟ. ಅವರ ತಪ್ಪೂ ಅಲ್ಲ, ಅವರ ಲೋಕದಲ್ಲಿ ಹಾಗೆ.

ಮತ್ತೊಂದು ನೋಡಿ. ಗಣಿತದಲ್ಲೂ ಕಂಪ್ಯೂಟರ್ ಥಿಯರಿಯಲ್ಲೂ ಲೇಖಕರ ಹೆಸರು ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಹಾಕುವುದು ಪದ್ಧತಿ. ನನ್ನ ಹೆಸರು ವಕಾರದಿಂದ ಶುರು. ಯಾವ ಪೇಪರ್‌ನಲ್ಲೂ ಕೊನೆಯವನು ನಾನೇ. ಅಂಕ ಕೊಡುವ ಫಾರ್ಮಿನಲ್ಲಿ ಮೊದಲ ಹೆಸರಿನವರಿಗೆ ಜಾಸ್ತಿ ಅಂಕ. "ನೀವು ಎಲ್ಲದರಲ್ಲೂ ಸಹಾಯಕರಾ?" ಎಂದು ಕೇಳಿದರು. ಅಕ್ಷರ ಕ್ರಮ ಎಂದು ವಿವರಿಸಿದೆ, ತಲೆ ಅಲ್ಲಾಡಿಸಿದರು, ಬರೆದುಕೊಳ್ಳಲಿಲ್ಲ. ನಾನು ಹೊರಗೆ ಬಂದು ಎರಡು ಪ್ಲೇಟ್ ಗೋಳಿಬಜೆ ತಿಂದೆ. ಸಿಟ್ಟು ಬಂದರೆ ನನಗೆ ಹಸಿವು.

ಆಮೇಲೆ ಏನು ಮಾಡಿದೆ ಅಂದರೆ, ಸಮ್ಮೇಳನದ ಮೂರು ಪೇಪರ್‌ಗಳನ್ನು ಪೂರ್ತಿ ಬರೆದು ಜರ್ನಲ್‌ಗೆ ಕಳಿಸಿದೆ. ಎರಡು ವರ್ಷ ತಗಲಿತು. ಅದು ಬಂದ ಮೇಲೆ ಗಣಿತ ವಿಭಾಗದಲ್ಲೇ ಕೆಲಸ ಆಯಿತು, ಈಗ ಡಿಸ್ಕ್ರೀಟ್ ಮ್ಯಾಥ್ಸ್ ಪಾಠ ಮಾಡುತ್ತೇನೆ, ಖುಷಿಯಲ್ಲೇ ಇದ್ದೇನೆ.

ಹಾಗಾಗಿ ಹಿರಿಯಡ್ಕದ ತಂಗಿ, ನಿನ್ನ ಹತ್ತಿರ ಎಂ.ಎಸ್ಸಿ. ಗಣಿತ ಉಂಟು. ಊರಿನ ಕಡೆ ಕೆಲಸ ಬೇಕು ಎಂದಾದರೆ ನಿನ್ನ ದಡ ಗಣಿತ. ಪಿಎಚ್‌ಡಿ ಗಣಿತದಲ್ಲಿ ಮಾಡು, ಪ್ರಶ್ನೆ ಮಾತ್ರ ಆಚೆ ದಡದಿಂದ ತಾ. ನಿನ್ನ ಸರ್ ಹೇಳಿದ ಎರಡು ದೋಣಿ ಮಾತು ಅರ್ಧ ಸರಿ.

ಸುರತ್ಕಲ್ ಅಲೆ:
@ಪಡುಬಿದ್ರಿ ಗಾಳಿ ನಿಮ್ಮ ಕಷ್ಟ ಅರ್ಥ ಆಗುತ್ತದೆ, ಆದರೆ ಇದನ್ನು ಎಲ್ಲರಿಗೂ ಹೇಳುವುದು ಸರಿಯಾ? ಐಐಟಿ, ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಂಥ ಕಡೆ ಯಾರೂ ಬಿ.ಇ. ಇದೆಯಾ ಎಂದು ಹಿಡಿದು ಕೂರುವುದಿಲ್ಲ, ಕೆಲಸ ನೋಡುತ್ತಾರೆ. ಮುಲ್ಮುಲೆಯವರನ್ನೇ ನೋಡಿ, ಕಂಪ್ಯೂಟರ್ ಕಡೆಯಿಂದ ಬಂದು ಜಾಮೆಟ್ರಿ ಕಲಿತವರು. ಭಾರತದ್ದೇ ಇನ್ನೊಂದು ಹೇಳುತ್ತೇನೆ. 2013ರಲ್ಲಿ ಅಂಕಿತ್ ಗುಪ್ತಾ, ಪ್ರೀತೀಶ್ ಕಾಮತ್, ನೀರಜ್ ಕಯಾಲ್, ರಾಮಪ್ರಸಾದ್ ಸಪ್ತರ್ಷಿ ನಾಲ್ವರು ನಾಲ್ಕು ಪದರದ ಸರ್ಕ್ಯೂಟ್‌ಗಳ (ಕೂಡು, ಗುಣಿಸು ಹಂತಗಳ ಜಾಲ) ಬಗ್ಗೆ ಒಂದು ಫಲಿತಾಂಶ ಕೊಟ್ಟರು. ಪಾಲಿನೋಮಿಯಲ್‌ನ ಡಿರೈವೇಟಿವ್‌ಗಳನ್ನು ತೆಗೆದು, ಅದನ್ನು ಮೊನೋಮಿಯಲ್‌ಗಳಿಂದ ಗುಣಿಸಿ, ಎಷ್ಟು ಸ್ವತಂತ್ರ ಎಂದು ಎಣಿಸುವುದು. ಕಟ್ಟೆಯವರೇ, ಇದು ಒಂದು ಐಡಿಯಲ್‌ನ (ಹೀಗೆ ಗುಣಿಸಿ ಸಿಗುವ ಪಾಲಿನೋಮಿಯಲ್‌ಗಳ ಗುಂಪು) ಹಿಲ್ಬರ್ಟ್ ಫಂಕ್ಷನ್, ಅಂದರೆ ಪ್ರತಿ ಡಿಗ್ರಿಯ ಎಣಿಕೆ, ಅಲ್ವಾ? ಹಿಲ್ಬರ್ಟ್ ಫಂಕ್ಷನ್ ಗಣಿತದವರ ಮನೆಯ ಪಾತ್ರೆ, ಅಡುಗೆ ಮಾಡಿದ್ದು ಕಂಪ್ಯೂಟರ್‌ನವರು. 2021ರಲ್ಲಿ ನೂತನ್ ಲಿಮಯೆ, ಶ್ರೀಕಾಂತ್ ಶ್ರೀನಿವಾಸನ್, ಸೆಬಾಸ್ಟಿಯನ್ ತಾವೆನಾ ಇದೇ ಸಾಲಿನಲ್ಲಿ ಇನ್ನೂ ಮುಂದೆ ಹೋದರು, ಪದರಗಳ ಸಂಖ್ಯೆ ಎಷ್ಟೇ ನಿಗದಿ ಮಾಡಿದರೂ ಸರ್ಕ್ಯೂಟ್ ಬಹಳ ದೊಡ್ಡದಾಗಲೇಬೇಕು ಎಂದು. ಇವರೆಲ್ಲ ಗಣಿತ ವಿಭಾಗದಲ್ಲಿ ಕಾದು ಕೂತಿದ್ದರೆ?

ಕೊಣಾಜೆ ಕಟ್ಟೆ:
ಹಿಲ್ಬರ್ಟ್ ಫಂಕ್ಷನ್ ಹೌದು. ಪಾತ್ರೆ ವಾಪಸ್ ಕೊಡಿ.

ಇನ್ನೊಂದು ದಿಕ್ಕಿನಿಂದ ಹೋದವರನ್ನೂ ನೆನೆಸಿಕೊಳ್ಳಬೇಕು. ಶ್ರೀರಾಮ ಅಭ್ಯಂಕರ್. ಆಲ್ಜಿಬ್ರಾಯಿಕ್ ಜಾಮೆಟ್ರಿಯ ಜರಿಸ್ಕಿಯವರ ಶಿಷ್ಯ, ಸಿಂಗ್ಯುಲಾರಿಟಿ (ಆಕಾರದ ಮೊನಚು, ಗಂಟುಗಳು) ವಿಷಯದಲ್ಲಿ ದೊಡ್ಡ ಹೆಸರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಗಣಿತದ ಜೊತೆಗೆ ಕಂಪ್ಯೂಟರ್ ಸೈನ್ಸ್, ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಎರಡರಲ್ಲೂ ಪ್ರೊಫೆಸರ್ ಆಗಿದ್ದರು. ಆದರೆ ಯಾವಾಗ? ಗಣಿತದಲ್ಲಿ ಹೆಸರು ಮಾಡಿ ದಶಕಗಳು ಕಳೆದ ಮೇಲೆ. ಆಗ ಮೂರು ಮನೆಯವರೂ ಕರೆಯುತ್ತಾರೆ. ಎಂ.ಎಸ್ಸಿ. ಮುಗಿಸಿದವಳನ್ನು ಕರೆಯುವುದಿಲ್ಲ. ನಾನು ಗಾಳಿಯವರ ಪಕ್ಷ.

ಹಿರಿಯಡ್ಕದವಳು:
ನಿಮ್ಮ ಜಗಳ ಓದಿಯೇ ನನಗೆ ಜಾಸ್ತಿ ಗೊತ್ತಾಯಿತು. ಒಂದು ಕೇಳುತ್ತೇನೆ. ಎರಡೂ ವಿಭಾಗ ಒಂದೇ ಕಟ್ಟಡದಲ್ಲಿ ಇರುವ ಕಡೆ ಹೋದರೆ? ಪಿಎಚ್‌ಡಿ ಗಣಿತದಲ್ಲಿ, ಆದರೆ ಆಚೆ ಕೋಣೆಯಲ್ಲಿ ಕಾಂಪ್ಲೆಕ್ಸಿಟಿಯವರು ಇರುವ ಹಾಗೆ?

ಪಡುಬಿದ್ರಿ ಗಾಳಿ:
ಅದೇ ಸರಿ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ನೋಡು. ಸಿ. ಎಸ್. ಶೇಷಾದ್ರಿ 1989ರಲ್ಲಿ ಶುರು ಮಾಡಿದ್ದು, ಅವರೇ ಆಲ್ಜಿಬ್ರಾಯಿಕ್ ಜಾಮೆಟ್ರಿಯ ದೊಡ್ಡ ತಲೆ. ಗಣಿತ, ಕಂಪ್ಯೂಟರ್ ಸೈನ್ಸ್ ಎರಡೂ ಅಲ್ಲಿ ಒಟ್ಟಿಗೇ ಬೆಳೆದವು. ಚೆನ್ನೈಯಲ್ಲೇ ಐಎಂಎಸ್‌ಸಿ (ಇನ್‌ಸ್ಟಿಟ್ಯೂಟ್ ಆಫ್ ಮ್ಯಾಥಮ್ಯಾಟಿಕಲ್ ಸೈನ್ಸಸ್) ಉಂಟು. ಮುಂಬೈಗೆ ಹೋದರೆ ಟಿಐಎಫ್‌ಆರ್, ಕೊಲಾಬದ ಒಂದೇ ಕ್ಯಾಂಪಸ್, ಎರಡೂ ವಿಭಾಗ. ಪ್ರವೇಶ ಪರೀಕ್ಷೆ ಗಣಿತಕ್ಕೆ ಬೇರೆ, ಕಂಪ್ಯೂಟರ್‌ಗೆ ಬೇರೆ, ಅದು ನೋಡಿಕೊಂಡು ತುಂಬು. ಎನ್‌ಬಿಎಚ್‌ಎಂ (ರಾಷ್ಟ್ರೀಯ ಉನ್ನತ ಗಣಿತ ಮಂಡಳಿ) ಪರೀಕ್ಷೆ ಬಿಡಬೇಡ. ಮತ್ತೆ ಗೈಡ್ ಆಗುವವರಿಗೆ ಮೊದಲೇ ಹೇಳು, ಆಚೆ ಕೋಣೆಯವರ ಸೆಮಿನಾರ್‌ಗೆ ವಾರಕ್ಕೊಮ್ಮೆ ಹೋಗುತ್ತೇನೆ ಎಂದು. ಮುಖ ಗಂಟಿಕ್ಕಿದರೆ ಬೇರೆ ಗೈಡ್ ನೋಡು.

ಅಂದ ಹಾಗೆ ಮೇಳದ ಲೆಕ್ಕ ಯಾರೂ ಮಾಡಲಿಲ್ಲ.

ಮಲ್ಪೆ ಬೋಟ್:
ನಾನು ಮಾಡಿದೆ, ನಾಲ್ಕು ಬಂತು.

ಹಿರಿಯಡ್ಕದವಳು:
ಮೂರು ಸರ್. ಮೂರನೆಯವರು ಹಾಸ್ಯ ಮಾಡಿದರೆ ಒಂದೇ ದಾರಿ, ಬಣ್ಣ ಕಟ್ಟಿದರೆ ಒಂದು, ಪುಂಡುವೇಷ ಕಟ್ಟಿದರೆ ಒಂದು. ಪರ್ಮನೆಂಟ್ 3. ಅದೇ ಮ್ಯಾಟ್ರಿಕ್ಸಿನ ಡಿಟರ್ಮಿನೆಂಟೂ ಹಾಕಿ ನೋಡಿದೆ, 1 ಬಂತು. ಮೂರನೆಯವರು ಬಣ್ಣ ಕಟ್ಟುವ ಹಂಚಿಕೆಗೆ ಮೈನಸ್ ಬಂದು ಒಂದನ್ನು ತಿಂದು ಹಾಕಿತು.

ಅಪ್ಪನಿಗೆ 37,000 ಎಂದು ಹೇಳಿದೆ. "ತಿಂಗಳಿಗಾ?" ಎಂದು ಎರಡು ಸಲ ಕೇಳಿದರು. ಚೆನ್ನೈಗೆ ವೆಸ್ಟ್ ಕೋಸ್ಟ್ ರೈಲು ಒಳ್ಳೆಯದಾ, ಮಂಗಳೂರು ಮೇಲ್ ಒಳ್ಳೆಯದಾ?

ಅಡಿಕೆ ತೋಟ ಪುತ್ತೂರು:
ಮೇಲ್. ರಾತ್ರಿ ಮಲಗಿದರೆ ಬೆಳಿಗ್ಗೆ ಚೆನ್ನೈ. ನನ್ನ ಮಗನಿಗೂ ಆ ಪರೀಕ್ಷೆಗಳ ಹೆಸರು ಕಳಿಸಿದ್ದೇನೆ.